ಪ್ರೋಗ್ರಾಂ ಯಾರ ಕೈಯಲ್ಲಿ?

ಹೊಸ ಮನೆಯ ದೇವರಕೋಣೆ ಬಾಗಿಲಿಗೆ ಬಳ್ಳಿ, ಗಂಟೆ, ಓಂಕಾರದ ಕೆತ್ತನೆ ಬೇಕೆಂದರೆ ಈಗ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲೂ ಜನರ ಬಾಯಿಗೆ ಮೊದಲು ಬರುವ ಮಾತು ‘ಸಿಎನ್‌ಸಿ ಮಾಡಿಸೋಣ’. ಆ ಕೆಲಸ ಮಾಡುವ ಯಂತ್ರಕ್ಕೆ ರೌಟರ್ ಎಂದು ಹೆಸರು. ಮಟ್ಟಸವಾದ ಒಂದು ಮೇಜು, ಅದರ ಮೇಲೆ ಹಿಂದೆ ಮುಂದೆ ಸರಿಯುವ ಅಡ್ಡತೊಲೆ, ತೊಲೆಯ ಮೇಲೆ ಎಡಬಲಕ್ಕೆ ಓಡುವ ಬಂಡಿ, ಬಂಡಿಯಲ್ಲಿ ಮೇಲೆ ಕೆಳಗೆ ಇಳಿದೇಳುವ ಸ್ಪಿಂಡಲ್, ಅದರ ತುದಿಯಲ್ಲಿ ಗಿರ್ರನೆ ತಿರುಗುವ ಬಿಟ್. ಯಾವ ಮೋಟರು ಯಾವಾಗ ಎಷ್ಟು ಸರಿಯಬೇಕೆಂದು ಹೇಳುವುದು ಕಂಪ್ಯೂಟರಿನಿಂದ ಬರುವ ಅಂಕಿಗಳು; ಸಿಎನ್‌ಸಿ ಅಂದರೆ ಇದೇ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಯಂತ್ರವನ್ನು ‘1325’ ಅನ್ನುತ್ತಾರೆ: 1300 ಮಿ.ಮೀ. ಅಗಲ, 2500 ಮಿ.ಮೀ. ಉದ್ದ, ಅಂದರೆ ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆ ಇಡಿಯಾಗಿ ಹಿಡಿಸುವಷ್ಟು. ಬೆಲೆ ಲಕ್ಷಗಳಲ್ಲಿ. ಅದರದೇ ಸಣ್ಣ ರೂಪವನ್ನು ಮನೆಯ ಶೆಡ್ಡಿನಲ್ಲಿ ತಾವೇ ಕಟ್ಟಿಕೊಳ್ಳುವ ಹವ್ಯಾಸವೂ ಕಳೆದ ಒಂದೂವರೆ ದಶಕದಲ್ಲಿ ಜಗತ್ತಿನ ತುಂಬ ಹಬ್ಬಿದೆ. ಅದು ಅಗ್ಗ ಎನ್ನುವುದು ಅದರ ಪರವಾಗಿ ಎಲ್ಲರೂ ಹೇಳುವ ಮಾತು. ಅದರಷ್ಟು ದುರ್ಬಲ ವಾದ ಇನ್ನೊಂದಿಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ಕಾರ್ಖಾನೆಯ ಸಿಎನ್‌ಸಿ ಒಬ್ಬ ಕುಶಲಕರ್ಮಿಯ ಕೆಲಸವನ್ನು ಒಡೆದು ಹಲವರಿಗೆ ಹಂಚಿತು. ಕೈಯಾರೆ ಕಟ್ಟಿದ ರೌಟರ್ ಅದನ್ನು ಮತ್ತೆ ಒಬ್ಬರಲ್ಲಿ ಕೂಡಿಸುತ್ತದೆ. ತುಮಕೂರು ಜಿಲ್ಲೆಗೆ ಈ ಕೂಡಿಕೆಯ ಅಗತ್ಯ ಇವತ್ತು ಇದ್ದಷ್ಟು ಹಿಂದೆಂದೂ ಇರಲಿಲ್ಲ.

ಅಂಕಿಗಳಿಂದ ಯಂತ್ರ ನಡೆಸುವ ಯೋಚನೆ ಹುಟ್ಟಿದ್ದು ಹೆಲಿಕಾಪ್ಟರಿನ ರೆಕ್ಕೆಯ ದೆಸೆಯಿಂದ. 1940ರ ದಶಕದಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಜಾನ್ ಪಾರ್ಸನ್ಸ್ ಹೆಲಿಕಾಪ್ಟರಿನ ನೆತ್ತಿಯ ಮೇಲೆ ತಿರುಗುವ ರೆಕ್ಕೆಗಳನ್ನು ತಯಾರಿಸುತ್ತಿದ್ದರು. ರೆಕ್ಕೆಯ ಬಾಗು ಸರಿಯಾಗಿದೆಯೇ ಎಂದು ನೋಡಲು ಲೋಹದ ಅಚ್ಚುಪಟ್ಟಿಗಳು ಬೇಕು. ಅವುಗಳನ್ನು ಕಣ್ಣಂದಾಜಿನ ಗೆರೆ ಹಿಡಿದು ಅರದಲ್ಲಿ ಉಜ್ಜಿದರೆ ಒಂದರಂತೆ ಒಂದು ಬರುತ್ತಿರಲಿಲ್ಲ. ಪಾರ್ಸನ್ಸ್ ಮತ್ತು ಅವರ ಎಂಜಿನಿಯರ್ ಫ್ರಾಂಕ್ ಸ್ಟುಲೆನ್ ಐಬಿಎಂನ ಪಂಚ್ ಕಾರ್ಡ್ ಯಂತ್ರಗಳಿಂದ ಬಾಗಿನ ಮೇಲಿನ ಬಿಂದುಗಳನ್ನು ಲೆಕ್ಕ ಹಾಕಿಸಿದರು. ಅಂಕಿಗಳ ಪಟ್ಟಿಯನ್ನು ನೋಡಿ ಕೆಲಸಗಾರರು ಯಂತ್ರದ ಹಿಡಿ ತಿರುಗಿಸಿ ಬಿಂದುವಿಂದ ಬಿಂದುವಿಗೆ ಸರಿಸುತ್ತಿದ್ದರು. ಹಿಡಿ ತಿರುಗಿಸುವುದೂ ಯಂತ್ರದ ಕೆಲಸವೇ ಯಾಕಾಗಬಾರದು ಎಂಬ ಪ್ರಶ್ನೆಗೆ ಅಮೆರಿಕದ ವಾಯುಪಡೆ 1949ರಲ್ಲಿ ದುಡ್ಡು ಹಾಕಿತು. ಎಂಐಟಿಯ ಸರ್ವೊಮೆಕಾನಿಸಂ ಪ್ರಯೋಗಾಲಯ 1952ರಲ್ಲಿ ತೂತು ಹೊಡೆದ ಟೇಪಿನಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಹಾಗೆ ನೋಡಿದರೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ತಲೆಯೆತ್ತಿರುವುದು ಸಿಎನ್‌ಸಿ ತನ್ನ ತವರಿನ ಕೆಲಸವನ್ನು ಹುಡುಕಿಕೊಂಡು ಇಲ್ಲಿಗೆ ಬಂದ ಹಾಗಿದೆ. 615 ಎಕರೆಯ ಆ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಯಿತು, 2023ರ ಫೆಬ್ರುವರಿ 6ರಂದು ಉದ್ಘಾಟನೆ.

ಎಂಐಟಿಯ ಯಂತ್ರ ಬಂದ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿ ಪ್ರಯೋಗಿಸಿದ ಪದ್ಧತಿಯಲ್ಲಿ ನುರಿತ ಕೆಲಸಗಾರ ಒಂದು ಭಾಗವನ್ನು ತನ್ನ ಕೈಯಿಂದ ಕಡೆಯುತ್ತಿದ್ದ. ಅವನ ಚಲನೆಯೆಲ್ಲ ಮ್ಯಾಗ್ನೆಟಿಕ್ ಟೇಪಿನಲ್ಲಿ ದಾಖಲಾಗುತ್ತಿತ್ತು. ಮುಂದಿನ ಭಾಗಗಳನ್ನು ಯಂತ್ರ ಆ ಟೇಪು ಕೇಳಿಕೊಂಡು ಕಡೆಯುತ್ತಿತ್ತು. ಅಲ್ಲಿ ಪ್ರೋಗ್ರಾಂ ಹುಟ್ಟುತ್ತಿದ್ದುದು ಕೆಲಸಗಾರನ ಕೈಯಲ್ಲಿ. ಗೆದ್ದದ್ದು ಆ ದಾರಿಯಲ್ಲ, ಕಚೇರಿಯಲ್ಲಿ ಕುಳಿತು ಅಂಕಿ ಬರೆಯುವ ದಾರಿ. ಏಕೆಂದು ಹುಡುಕಿದ ಇತಿಹಾಸಕಾರ ಡೇವಿಡ್ ನೋಬಲ್ 1984ರ ‘ಫೋರ್ಸಸ್ ಆಫ್ ಪ್ರೊಡಕ್ಷನ್’ ಪುಸ್ತಕದಲ್ಲಿ ಕೊಟ್ಟ ಉತ್ತರ ಖಾರವಾದದ್ದು: ಆಡಳಿತದವರಿಗೆ ಬೇಕಾಗಿದ್ದದ್ದು ಬರೀ ನಿಖರತೆಯಲ್ಲ, ಕೆಲಸದ ಮೇಲಿನ ಹಿಡಿತ. ಈ ಮಾತನ್ನು ಪೂರ್ತಿ ಒಪ್ಪಬೇಕಿಲ್ಲ. ವಿಮಾನದ ಭಾಗಗಳ ಬಾಗುಗಳು ಗಣಿತದಿಂದ ಹುಟ್ಟಿದವು; ಎಷ್ಟೇ ನುರಿತ ಕೈಯೂ ಅವನ್ನು ಕಡೆದು ತೋರಿಸಲಾರದು, ಹಾಗಾಗಿ ಅಂಕಿಯ ದಾರಿ ಗೆಲ್ಲುವುದಕ್ಕೆ ಶುದ್ಧ ತಾಂತ್ರಿಕ ಕಾರಣವೂ ಇತ್ತು. ಆದರೆ ಪರಿಣಾಮದ ಬಗ್ಗೆ ತಕರಾರಿಲ್ಲ. ನಕ್ಷೆ ಬರೆಯುವವರು ಒಬ್ಬರು, ಪ್ರೋಗ್ರಾಂ ಮಾಡುವವರು ಇನ್ನೊಬ್ಬರು, ಯಂತ್ರ ಕೆಟ್ಟರೆ ಬರುವವರು ಮತ್ತೊಬ್ಬರು. ಯಂತ್ರದ ಮುಂದೆ ನಿಂತವರಿಗೆ ಉಳಿದದ್ದು ತುಂಡು ಕಚ್ಚಿಸಿ ಹಸಿರು ಗುಂಡಿ ಒತ್ತುವ ಕೆಲಸ. ಸಂಬಳದ ವ್ಯತ್ಯಾಸವೂ ಇದೇ ಗೆರೆಯ ಮೇಲೆ ನಿಂತಿದೆ.

ಬೆಂಗಳೂರಿಂದ ತುಮಕೂರಿಗೆ ಬರುವ ಹೆದ್ದಾರಿಯ ಆಸುಪಾಸಿನಲ್ಲಿ ದೇಶದ ಯಂತ್ರೋಪಕರಣಗಳ ಚರಿತ್ರೆಯೇ ಹರಡಿಕೊಂಡಿದೆ. ಜಾಲಹಳ್ಳಿಯಲ್ಲಿ 1953ರ ಎಚ್‌ಎಂಟಿ, ರಸ್ತೆಯ ಮೇಲೇ 1962ರ ಕೇಂದ್ರೀಯ ಯಂತ್ರ ತಯಾರಿಕಾ ತಂತ್ರಜ್ಞಾನ ಸಂಸ್ಥೆ, ಆಮೇಲೆ ಪೀಣ್ಯ, ಮಾದಾವರದ ಬಳಿ ಯಂತ್ರೋಪಕರಣಗಳ ದೊಡ್ಡ ಮೇಳ ನಡೆಯುವ ವಸ್ತುಪ್ರದರ್ಶನ ಕೇಂದ್ರ. ತುಮಕೂರು ದಾಟಿದರೆ ವಸಂತನರಸಾಪುರದ ಮಷಿನ್ ಟೂಲ್ ಪಾರ್ಕ್. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ಅಂಗವಾಗಿ ತುಮಕೂರಿನಲ್ಲಿ ಮೂರು ಹಂತಗಳಲ್ಲಿ 8,484 ಎಕರೆಯ ಕೈಗಾರಿಕಾ ನಗರ ಬರಲಿದೆ; ಅದರ ಶಂಕುಸ್ಥಾಪನೆಯೂ ಗುಬ್ಬಿಯ ಉದ್ಘಾಟನೆಯ ದಿನವೇ ನಡೆಯಿತು. ಕುಣಿಗಲ್ ಕಡೆಗೆ ಅಂಚೇಪಾಳ್ಯದ ಕೈಗಾರಿಕಾ ಪ್ರದೇಶವಿದೆ. ಇಷ್ಟೆಲ್ಲ ಬಂದಾಗ ಕೆಲಸ ಎಷ್ಟು ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ, ಗೆರೆಯ ಯಾವ ಬದಿಯ ಕೆಲಸ ಎಂದು ಕೇಳುವವರು ಕಡಿಮೆ. ತುಮಕೂರಿಗೆ ಇದರ ಪಾಠ ಹೊಸದೂ ಅಲ್ಲ. ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಇಲ್ಲಿ ದಶಕಗಳ ಕಾಲ ನಡೆಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ ಮೇಲೆ ಇಲ್ಲಿನ ಜಾಗ ಇಸ್ರೊಗೆ ಹೋಯಿತು. ಕಾರ್ಖಾನೆ ಮುಚ್ಚಿದಾಗ ಕೆಲಸಗಾರನ ಜೊತೆ ಮನೆಗೆ ಬರುವುದು ಯಂತ್ರವಲ್ಲ, ತಿಳಿವಳಿಕೆ. ಒಂದು ಹಂತವನ್ನಷ್ಟೇ ಬಲ್ಲವರಿಗೆ ಆ ಹಂತವಿಲ್ಲದ ಊರಿನಲ್ಲಿ ಅದರಿಂದ ಪ್ರಯೋಜನವಿಲ್ಲ.

ಇನ್ನು ಕಟ್ಟುವ ವಿಚಾರ. ಮೊದಲನೆಯ ಪ್ರಶ್ನೆ ಬಿಗಿತದ್ದು. ಕಬ್ಬಿಣದ ತೊಲೆಯ ಉದ್ದ ಎರಡರಷ್ಟಾದರೆ ಅದೇ ಭಾರಕ್ಕೆ ಅದು ಬಾಗುವುದು ಎಂಟರಷ್ಟು. ಆದ್ದರಿಂದ ಹೊಸಬರು ಎಂಟಡಿಯ ಮೇಜಿನ ಆಸೆ ಬಿಟ್ಟು ಎರಡಡಿಯಲ್ಲಿ ನಿಲ್ಲುವುದು ಜಾಣತನ. ಎರಡನೆಯದು ಮೂಲೆಮಟ್ಟ. ಒಂದು ಮೀಟರಿನ ಚೌಕದಲ್ಲಿ ಅಡ್ಡತೊಲೆ ಒಂದು ಮಿ.ಮೀ. ಸೊಟ್ಟಗೆ ಕೂತರೆ ಎರಡು ಕರ್ಣಗಳ ನಡುವೆ ಸುಮಾರು 1.4 ಮಿ.ಮೀ. ವ್ಯತ್ಯಾಸ ಬರುತ್ತದೆ, ಅಂದರೆ ಕರ್ಣ ಅಳೆದವರಿಗೆ ತಪ್ಪು ದೊಡ್ಡದಾಗಿ ಕಾಣುತ್ತದೆ. ಬಡಗಿಗಳಿಗೂ ಗಾರೆಯವರಿಗೂ ಇದು ಗೊತ್ತಿರುವ ಸಂಗತಿಯೇ. ಮೂರನೆಯದು ಅಂಕಿ ಚಲನೆಯಾಗುವ ಬಗೆ. ಸಾಮಾನ್ಯ ಸ್ಟೆಪ್ಪರ್ ಮೋಟರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಮೋಟರಿಗೆ ಕರೆಂಟು ಕೊಡುವ ಡ್ರೈವರ್ ಪ್ರತಿ ಹೆಜ್ಜೆಯನ್ನು 8 ಪಾಲು ಮಾಡಿದರೆ 1,600. ಸುತ್ತಿಗೆ 5 ಮಿ.ಮೀ. ಮುಂದೆ ಸರಿಸುವ ಬಾಲ್ ಸ್ಕ್ರೂ ಹಾಕಿದ್ದರೆ ಒಂದು ಮಿ.ಮೀ.ಗೆ 320 ಹೆಜ್ಜೆ. ಈ 320ನ್ನು ಕಂಟ್ರೋಲರಿಗೆ ಹೇಳಿಕೊಟ್ಟು 100 ಮಿ.ಮೀ. ಸರಿ ಎಂದಾಗ ವರ್ನಿಯರ್ 99.4 ತೋರಿಸಿತು ಎನ್ನಿ. ಅಂಕಿಯನ್ನು 322ರ ಹತ್ತಿರಕ್ಕೆ ತಂದರೆ ಅಳತೆ ಅಲ್ಲಿಗೆ ಸರಿಹೋಗುತ್ತದೆ, ಹೊಸಬರು ಮಾಡುವುದೂ ಅದನ್ನೇ. ಆದರೆ 320 ಬರೀ ಲೆಕ್ಕ, ಅದು ತಪ್ಪಾಗಲು ಕಾರಣವಿಲ್ಲ; ತಪ್ಪಿರುವುದು ಸಡಿಲಾದ ಕಪ್ಲಿಂಗಿನಲ್ಲಿ, ಸ್ಕ್ರೂನ ‘ಪ್ಲೇ’ಯಲ್ಲಿ ಅಂದರೆ ಸಡಿಲು ಅಲುಗಾಟದಲ್ಲಿ, ಇಲ್ಲವೇ ಮೋಟರು ನುಂಗಿದ ಹೆಜ್ಜೆಗಳಲ್ಲಿ. ಅಂಕಿ ತಿದ್ದಿದರೆ ಕಬ್ಬಿಣದ ದೋಷ ಮುಚ್ಚಿಹೋಗಿ, ದಿಕ್ಕು ಬದಲಿಸುವಾಗ ಮತ್ತೆ ಹೊರಬೀಳುತ್ತದೆ. ದೋಷ ಕಬ್ಬಿಣದ್ದೋ ಕರೆಂಟಿನದ್ದೋ ಪ್ರೋಗ್ರಾಮಿನದ್ದೋ ಎಂದು ಬೇರ್ಪಡಿಸಿ ನೋಡುವ ಈ ಬುದ್ಧಿಯೇ ನಾನು ಹೇಳುತ್ತಿರುವ ಕೂಡಿಕೆ. ಮೂರನ್ನೂ ತಾನೇ ಜೋಡಿಸಿದವರಿಗೆ ಅದು ಬಾರದೆ ವಿಧಿಯಿಲ್ಲ.

ಪ್ರೋಗ್ರಾಂ ಎಂಬುದು ಹೆದರಿಸುವ ವಸ್ತುವಲ್ಲ. ‘ಜಿ1 ಎಕ್ಸ್100 ಎಫ್1800’ ಎಂದರೆ ಎಕ್ಸ್ ದಿಕ್ಕಿನಲ್ಲಿ 100ನೇ ಮಿ.ಮೀ. ತನಕ ನಿಮಿಷಕ್ಕೆ 1,800 ಮಿ.ಮೀ. ವೇಗದಲ್ಲಿ ಕೊರೆಯುತ್ತ ನೇರ ಹೋಗು ಎಂದರ್ಥ. ಜಿ0 ಕೊರೆಯದೆ ಬೇಗ ಸರಿಯಲು, ಜಿ2 ಮತ್ತು ಜಿ3 ಕಮಾನಿಗೆ, ಎಂ3 ಸ್ಪಿಂಡಲ್ ತಿರುಗಿಸಲು. ಆ 1,800 ಎಲ್ಲಿಂದ ಬಂತು? ನಿಮಿಷಕ್ಕೆ 18,000 ಸುತ್ತು, ಬಿಟ್ಟಿಗೆ 2 ಹಲ್ಲು, ಹಲ್ಲೊಂದಕ್ಕೆ 0.05 ಮಿ.ಮೀ. ಮರ. ವೇಗ ತೀರ ಇಳಿಸಿದರೆ ಬಿಟ್ ಕತ್ತರಿಸುವ ಬದಲು ಉಜ್ಜಿ ಮರ ಕಪ್ಪಾಗುತ್ತದೆ. ಏರಿಸಿದರೆ ಮೋಟರು ಹೆಜ್ಜೆ ತಪ್ಪುತ್ತದೆ. ಕೆತ್ತನೆಯ ಸಾವಿರಾರು ಸಾಲುಗಳನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ, ಚಿತ್ರದಿಂದ ಸಾಲು ಹೆಣೆಯುವ ಸಾಫ್ಟ್‌ವೇರ್ ಇದೆ. ಓದಲು ಬರಬೇಕು, ಅಷ್ಟೆ. ಬಿಟ್ ಹಲಗೆಯೊಳಗೆ ಇರುವಾಗಲೇ ಜಿ0 ಬಂದರೆ ಏನಾಗುತ್ತದೆಂದು ಓದಬಲ್ಲವರು ಮುಂಚೆಯೇ ಕಾಣುತ್ತಾರೆ, ಉಳಿದವರು ಮುರಿದ ಬಿಟ್ ನೋಡಿ ಕಲಿಯುತ್ತಾರೆ. ಈ ಸಾಲುಗಳನ್ನು ಹೆಜ್ಜೆಗಳಾಗಿ ಮಾಡುವ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶವನ್ನು ನಾರ್ವೆಯ ಸಿಮೆನ್ ಸ್ವಾಲೆ ಸ್ಕೊಗ್ಸ್‌ರುಡ್ 2009ರಲ್ಲಿ ಬರೆದರು. ಅದು ಕೇವಲ 32 ಕಿಲೋಬೈಟ್ ಜಾಗವಿರುವ ಆರ್ಡುಯಿನೊ ಹಲಗೆಯ ಮೇಲೆ ಓಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಮಾಲು ಅದು.

ಹೀಗೆಲ್ಲ ಒದ್ದಾಡುವ ಬದಲು ಸಿದ್ಧ ಕಿಟ್ ಕೊಳ್ಳಬಾರದೇ ಎಂಬುದು ಮೊದಲ ಆಕ್ಷೇಪ. ಬಾಗಿಲಿನ ಆರ್ಡರು ಕೈಯಲ್ಲಿ ಹಿಡಿದವರು ಖಂಡಿತ ಕೊಳ್ಳಬೇಕು. ತಿಂಗಳುಗಟ್ಟಲೆ ದುಡಿಮೆಗೆ ಕೂಲಿ ಕಟ್ಟಿದರೆ, ಮೊದಲು ತಂದ ಕಳಪೆ ರೈಲು, ಸುಟ್ಟ ಡ್ರೈವರ್ ಇವುಗಳ ಬೆಲೆ ಕೂಡಿಸಿದರೆ, ಕಟ್ಟಿದ ಯಂತ್ರ ಅಗ್ಗವಾಗುವುದೇ ಇಲ್ಲ. ಅದಕ್ಕೇ ಅಗ್ಗದ ವಾದ ದುರ್ಬಲ ಎಂದದ್ದು. ಕಾರ್ಖಾನೆಯ ಯಂತ್ರಕ್ಕೂ ಇದಕ್ಕೂ ಅಜಗಜಾಂತರ ಎಂಬುದು ಎರಡನೆಯ ಆಕ್ಷೇಪ. ಅಲ್ಲಿ ಫ್ಯಾನುಕ್, ಸೀಮೆನ್ಸ್ ಕಂಟ್ರೋಲರುಗಳು, ತಾನೆಲ್ಲಿದ್ದೇನೆಂದು ಸದಾ ವರದಿ ಮಾಡುವ ಸರ್ವೊ ಮೋಟರುಗಳು, ಮೈಕ್ರಾನಿನ ಲೆಕ್ಕ. ಮನೆಯ ಯಂತ್ರ ಮರದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಪಾಲು ಹಿಡಿದರೆ ಹೆಚ್ಚು. ಉಕ್ಕು ಕಡೆಯುವುದನ್ನಾಗಲಿ, ಕೂಲೆಂಟ್ ಬಳಸುವುದನ್ನಾಗಲಿ ಅದು ಕಲಿಸಲಾರದು. ಆದರೆ ಜಿ1 ಅಲ್ಲೂ ಜಿ1ನೇ, ಪ್ಲೇ ಅಲ್ಲೂ ಪ್ಲೇಯೇ. ಕೋಟಿ ರೂಪಾಯಿಯ ಯಂತ್ರದ ಕವಚ ಬಿಚ್ಚಿ ನೋಡಲು ಕಲಿಯುವ ಹುಡುಗ ಹುಡುಗಿಯರಿಗೆ ಯಾರೂ ಬಿಡುವುದಿಲ್ಲ. ತಪ್ಪು ಮಾಡುವ ಸ್ವಾತಂತ್ರ್ಯವಿರುವುದು ಇಲ್ಲಿ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ಇದು ಆಚಾರ್‌ಗಳ ಅನ್ನ ಕಸಿಯುತ್ತದೆ. ಕಸಿದಿದೆ ಎಂಬುದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ತೆಳು ಬಳ್ಳಿಯ ಕೆತ್ತನೆಗೆ ದಿನಗಟ್ಟಲೆ ಉಳಿ ಹಿಡಿಯುವ ಕೆಲಸ ಮತ್ತೆ ಮೊದಲಿನಂತೆ ಬರಲಾರದು. ಆದರೆ ತಿರುಗುವ ಬಿಟ್ಟಿಗೆ ದಪ್ಪವಿದೆ, ಒಳಮೂಲೆಯನ್ನು ಅದು ಚೂಪಾಗಿ ತೆಗೆಯಲಾರದು. ಮೂರು ದಿಕ್ಕಿನ ಯಂತ್ರ ಮೇಲಿನಿಂದಷ್ಟೇ ಇಳಿಯುವುದರಿಂದ ಎಲೆಯ ಅಡಿಗೆ ಉಳಿ ನುಗ್ಗಿಸಿದಂತೆ ನುಗ್ಗಲಾರದು. ಅಲ್ಲಿಗೆ ಇವತ್ತೂ ಕೈಯೇ ಬೇಕು. ಅದಕ್ಕಿಂತ ದೊಡ್ಡ ನಷ್ಟ ವಿನ್ಯಾಸದ್ದು. ಮಾರಾಟಕ್ಕಿರುವ ಅದೇ ಕಡತಗಳು ಊರೂರಿಗೆ ಹೋಗಿ, ಒಂದೇ ಗಣಪತಿ, ಒಂದೇ ನವಿಲು ನೂರು ಬಾಗಿಲುಗಳ ಮೇಲೆ ಕೂತಿವೆ. ಹಲಸು, ತೇಗಗಳ ಎಳೆ ಎತ್ತ ಓಡುತ್ತದೆ, ಎಲ್ಲಿ ಸಿಬಿರು ಏಳುತ್ತದೆ ಎಂದು ತಿಳಿದವರು ಆ ಕಡತ ಮಾಡಿದವರಲ್ಲ. ತಿಳಿದವರು ಪ್ರೋಗ್ರಾಂ ಮುಟ್ಟದಿದ್ದರೆ ಬೇರೆಯವರ ಕೆತ್ತನೆಗೆ ಕದ ಕೂರಿಸುವ ಕೆಲಸವಷ್ಟೇ ಅವರಿಗೆ ಉಳಿಯುತ್ತದೆ. ಎಲ್ಲ ಆಚಾರ್‌ಗಳೂ ಕಂಪ್ಯೂಟರಿನ ಮುಂದೆ ಕೂರುತ್ತಾರೆಂದು ನನಗೆ ಭ್ರಮೆಯಿಲ್ಲ. ಅವರ ಮನೆಯ ಮುಂದಿನ ತಲೆಮಾರು ಕೂರಬಹುದು, ಅದೂ ಯಂತ್ರ ಮನೆಯ ಶೆಡ್ಡಿನಲ್ಲಿದ್ದರೆ.

ಅಪಾಯದ ಮಾತನ್ನು ಚುಟುಕಾಗಿ ಹೇಳಬಹುದು. ನಿಮಿಷಕ್ಕೆ 24,000 ಸುತ್ತಿನ ಬಿಟ್ ಮುರಿದು ಹಾರಿದರೆ ಕಣ್ಣಿಗೇ ಬರುತ್ತದೆ. ಕನ್ನಡಕ, ಕೈಗೆಟುಕುವಲ್ಲಿ ಕೆಂಪು ಗುಂಡಿ, ಸರಿಯಾದ ಅರ್ಥಿಂಗ್ ಇಲ್ಲದೆ ಶುರು ಮಾಡಲೇಬಾರದು. ಎಂಡಿಎಫ್ ಹಲಗೆಯ ಪುಡಿಯಲ್ಲಿ ಅಂಟಿನ ರಾಸಾಯನಿಕವೂ ಇರುವುದರಿಂದ ಬಟ್ಟೆ ಕಟ್ಟಿಕೊಂಡರೆ ಸಾಲದು, ಹೀರುವ ಯಂತ್ರ ಬೇಕು. ಕರೆಂಟು ಹೋದರೆ ಸ್ಟೆಪ್ಪರ್ ತನ್ನ ಜಾಗ ಮರೆಯುತ್ತದೆ. ಮನೆಯ ಯಂತ್ರಕ್ಕೆ ಆ ಜಾಗವನ್ನು ಮತ್ತೆ ಹುಡುಕಿಕೊಡುವ ಹೋಮಿಂಗ್ ಸ್ವಿಚ್ ಮೊದಲ ದಿನವೇ ಹಾಕುವುದು ನಮ್ಮ ಕಡೆ ಐಚ್ಛಿಕವಲ್ಲ.

ಇದನ್ನೆಲ್ಲ ಒಬ್ಬೊಬ್ಬರ ಹವ್ಯಾಸಕ್ಕೆ ಬಿಟ್ಟರೆ ಅಲ್ಲೊಂದು ಇಲ್ಲೊಂದು ಯಂತ್ರ ಹುಟ್ಟಿ ನಿಲ್ಲುತ್ತದೆ. ರಾಜ್ಯದ 150 ಸರ್ಕಾರಿ ಐಟಿಐಗಳು 4,700 ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ 2022ರ ಜೂನ್‌ನಲ್ಲಿ ಲೋಕಾರ್ಪಣೆಯಾದವು. ದುಬಾರಿ ಯಂತ್ರಗಳು ಹೀಗೆ ತಾಲ್ಲೂಕುಗಳ ಹತ್ತಿರಕ್ಕೆ ಬಂದಿವೆ, ಒಳ್ಳೆಯದೇ. ಅವುಗಳ ಪಕ್ಕದಲ್ಲಿ ವರ್ಷಕ್ಕೊಂದು ತಂಡ ಎರಡಡಿಯ ರೌಟರನ್ನು ತಾನೇ ಬೆಸುಗೆ ಹಾಕಿ, ವೈರು ಎಳೆದು, ಪ್ರೋಗ್ರಾಂ ಮಾಡುವಂತಾಗಲಿ. ಪಠ್ಯದಲ್ಲಿ ಜಾಗವಿಲ್ಲ ಎಂಬ ಉತ್ತರ ಬರುವುದು ಗೊತ್ತಿರುವುದೇ. ಹಾಗಿದ್ದರೆ ಪರೀಕ್ಷೆಯ ಒಂದು ಪ್ರಶ್ನೆ ಬದಲಿಸಿದರೂ ಸಾಕು: 100 ಮಿ.ಮೀ.ನ ಚೌಕ, ಅದರೊಳಗೊಂದು ವೃತ್ತ ಕೊರೆಯಲು ಹೇಳಿ. ಚೌಕ ಎಷ್ಟೋ ದೋಷಗಳನ್ನು ಅಡಗಿಸಿಕೊಳ್ಳುತ್ತದೆ. ವೃತ್ತದಲ್ಲಿ ಮೋಟರುಗಳು ದಿಕ್ಕು ಬದಲಿಸುವ ನಾಲ್ಕು ಜಾಗಗಳಲ್ಲಿ ಪ್ಲೇ ಇದ್ದರೆ ಸಣ್ಣ ಮೆಟ್ಟಿಲು ಬೀಳುತ್ತದೆ. ಅಂಕ ಕೊಡಬೇಕಾದದ್ದು ವೃತ್ತ ನುಣುಪಾಗಿದೆಯೇ ಎಂಬುದಕ್ಕಲ್ಲ, ಮೆಟ್ಟಿಲು ಬಿದ್ದಲ್ಲಿ ಯಾವ ಸ್ಕ್ರೂವನ್ನು ಬಿಗಿಮಾಡಬೇಕೆಂದು ಹೇಳಿದ್ದಕ್ಕೆ.