ತಿಪ್ಪೆಗೆ ಯಾವುದು, ಚೀಲಕ್ಕೆ ಯಾವುದು?

ದಸರಾ ರಜೆಗೆ ಹಾಸನದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಲ್ಲಿ ತಿಪ್ಪೆ ಹಾಕೋಕೆ ಜಾಗವಿಲ್ಲ. ಚಿಕ್ಕಮ್ಮ ತಳ ತೂತಿರುವ ಮಡಕೆಗೆ ಆಲೂಗೆಡ್ಡೆ ಸಿಪ್ಪೆ, ಸೊಪ್ಪಿನ ದಂಟು ಹಾಕಿ, ಮೇಲೆ ಒಣ ಎಲೆ, ಒಂದು ಹಿಡಿ ಮಣ್ಣು ಉದುರಿಸುತ್ತಾರೆ. ವಾರಕ್ಕೊಮ್ಮೆ ಕೆದಕಿದರೆ ಗಾಳಿಯಾಡಿ, ಸೂಕ್ಷ್ಮಜೀವಿಗಳು ಕಸವನ್ನು ಕೊಳೆಸುತ್ತವೆ. ನಾತ ಬಂದರೆ ನೀರು ಜಾಸ್ತಿ ಅಂತ ಅರ್ಥ. ಇನ್ನಷ್ಟು ಒಣ ಎಲೆ ಹಾಕಬೇಕು. ಎರಡು ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಕಾಗದ, ಬಾಟಲಿ, ತಗಡು ಗುಜರಿಗೆ ಹೋಗುತ್ತವೆ. ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿತು.

ನಮ್ಮೂರಲ್ಲಿ ತಿಪ್ಪೆಯೇನೋ ಇದೆ. ಆದರೆ ನಮ್ಮನೆ ತಿಪ್ಪೆಗೆ ಪ್ಲಾಸ್ಟಿಕ್ ಕವರೂ ಬೀಳುತ್ತಿತ್ತು. ಅದು ಕೊಳೆಯಲ್ಲ, ಗೊಬ್ಬರದ ಜೊತೆ ರಾಗಿ ಹೊಲಕ್ಕೆ ಹೋಗಿ ನೇಗಿಲಿಗೆ ಸುತ್ತಿಕೊಳ್ಳುತ್ತಿತ್ತು. ಊರಿಗೆ ಬಂದವನೇ ಹಿತ್ತಲಲ್ಲಿ ಕವರಿಗೆಂದೇ ಒಂದು ಚೀಲ ಕಟ್ಟಿದೆ. ಅಜ್ಜಿ ಮೊದಲು ನಕ್ಕರು. ಈಗ ತಿಪ್ಪೆಗೆ ಕವರ್ ಎಸೆದರೆ ಅವರೇ ಬೈತಾರೆ!