ಸತ್ಯಕ್ಕಾಗಿ ಊರು ಬಿಟ್ಟ ಪತ್ರಕರ್ತ

1972ರ ಆಗಸ್ಟ್ 22. ಅರ್ಜೆಂಟೀನಾದ ಟ್ರೆಲೂ ಪಟ್ಟಣದ ಬಳಿಯ ನೌಕಾನೆಲೆಯಲ್ಲಿ 16 ರಾಜಕೀಯ ಕೈದಿಗಳು ಗುಂಡಿಗೆ ಬಲಿಯಾದರು. ‘ತಪ್ಪಿಸಿಕೊಳ್ಳಲು ಹೊರಟಿದ್ದರು’ ಎಂದಿತು ಸೇನಾ ಸರ್ಕಾರ. ‘ಪನೋರಮಾ’ ವಾರಪತ್ರಿಕೆಯ ಸಂಪಾದಕ ತೋಮಸ್ ಎಲೋಯ್ ಮಾರ್ತಿನೆಸ್ ಅದನ್ನು ನಂಬಲಿಲ್ಲ. ನಂಬದ್ದನ್ನು ಅಚ್ಚು ಹಾಕಲೂ ಇಲ್ಲ. ಕೆಲಸ ಹೋಯಿತು. ಆದರೂ ಟ್ರೆಲೂಗೆ ಹೋಗಿ, ಜನರನ್ನು ಮಾತನಾಡಿಸಿ, 1973ರಲ್ಲಿ ಪುಸ್ತಕವನ್ನೇ ಹೊರತಂದರು. ಮುಂದೆ ಅದು ನಿಷೇಧಕ್ಕೂ ಬೆಂಕಿಗೂ ಗುರಿಯಾಯಿತು.

1934ರಲ್ಲಿ ತುಕುಮಾನ್‌ನಲ್ಲಿ ಹುಟ್ಟಿದ ಮಾರ್ತಿನೆಸ್, ಕೊಲೆ ಬೆದರಿಕೆ ಬಂದಾಗ 1975ರಲ್ಲಿ ದೇಶ ತೊರೆದರು. ವೆನೆಜುವೆಲಾದ ಕರಾಕಸ್ ನಗರ ಆಶ್ರಯ ನೀಡಿತು. ಅಲ್ಲಿಯೂ ಲೇಖನಿ ಕೆಳಗಿಡಲಿಲ್ಲ. 1979ರಲ್ಲಿ ಹೊಸ ದಿನಪತ್ರಿಕೆ ಕಟ್ಟಲು ನೆರವಾದರು.

ಹಿಂದೆ, ಪದಚ್ಯುತ ಅಧ್ಯಕ್ಷ ಹ್ವಾನ್ ಪೆರೋನ್ ಮ್ಯಾಡ್ರಿಡ್‌ನಲ್ಲಿದ್ದಾಗ ಅವರ ದೀರ್ಘ ಸಂದರ್ಶನ ಮಾಡಿದ್ದರು. ಪೆರೋನ್ ಹೇಳಿಕೊಂಡ ಬದುಕಿಗೂ ದಾಖಲೆಗಳಿಗೂ ತಾಳೆಯಾಗಲಿಲ್ಲ. ಆ ಬಿರುಕಿನಲ್ಲೇ ಮೊಳೆಯಿತು 1985ರ ‘ಪೆರೋನ್ ಕಾದಂಬರಿ’. ಪೆರೋನರ ಪತ್ನಿ ಎವಿಟಾ 1952ರಲ್ಲಿ ತೀರಿಕೊಂಡ ಮೇಲೆ, ಆಕೆಯ ಶವವನ್ನು ಸೈನಿಕರು ಅಪಹರಿಸಿ, ಇಟಲಿಯ ಮಿಲಾನ್‌ನಲ್ಲಿ ಸುಳ್ಳು ಹೆಸರಿನಲ್ಲಿ ಹೂಳಿದ್ದು ನಿಜ ಘಟನೆ. 1995ರ ‘ಸಾಂತಾ ಎವಿಟಾ’ದಲ್ಲಿ ಈ ನಿಜಕ್ಕೆ ಕಲ್ಪನೆ ಬೆರೆಯಿತು, ಕೃತಿ ಹಲವು ಭಾಷೆಗಳಿಗೆ ಹೋಯಿತು.

ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 2010ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಿಧನರಾದರು. ಎರಡು ವರ್ಷಗಳ ನಂತರ, 2012ರಲ್ಲಿ, ಟ್ರೆಲೂ ಹತ್ಯೆಗಾಗಿ ಮೂವರು ನಿವೃತ್ತ ನೌಕಾ ಸಿಬ್ಬಂದಿಗೆ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಮಾರ್ತಿನೆಸ್ ಅದನ್ನು ಕಾಣಲಿಲ್ಲ. ಆದರೆ ಎಲ್ಲರೂ ಒಪ್ಪಿದ ಮಾತನ್ನು ಒಬ್ಬರಾದರೂ ಪ್ರಶ್ನಿಸಬೇಕೆಂಬ ಅವರ ಹಟ ನಲವತ್ತು ವರ್ಷಗಳ ಮೇಲೆ ಫಲ ಕಂಡಿತ್ತು.