ಬುರುಡೆ ಉಬ್ಬಿಸುವ ಗಡ್ಡೆ

ಅಮೆರಿಕದ ಸೇನಾಧಿಕಾರಿ ಲಿಯೊನಾರ್ಡ್ ವುಡ್ ಹಾರ್ವರ್ಡ್‌ನಲ್ಲಿ ಓದಿದ ವೈದ್ಯರೂ ಹೌದು. ಅವರ ತಲೆಯ ಮೇಲೆ ಗಟ್ಟಿ ಉಬ್ಬೊಂದು ಎದ್ದಿತ್ತು. ಕ್ಯೂಬಾದಲ್ಲಿದ್ದಾಗ ತೂಗುದೀಪಕ್ಕೆ ತಲೆ ಬಡಿದದ್ದೇ ಕಾರಣವೆಂದು ಕಥೆ. ಗಡ್ಡೆ ಹುಟ್ಟಲು ಅಷ್ಟು ಸಾಕೇ ಎಂಬುದು ಬೇರೆ ಮಾತು. ಎಡಗಾಲು ಅದುರತೊಡಗಿತು, ಫಿಟ್ಸ್ ಬಂತು. 1910ರಲ್ಲಿ ಮಿದುಳಿನ ಸರ್ಜನ್ ಹಾರ್ವೆ ಕುಶಿಂಗ್ ಬುರುಡೆ ತೆರೆದರು. ರಕ್ತ ಹರಿದು ಅರ್ಧಕ್ಕೇ ಮುಚ್ಚಬೇಕಾಯಿತು. ಕೆಲವು ದಿನ ಬಿಟ್ಟು ಮತ್ತೆ ತೆರೆದು ಗಡ್ಡೆ ತೆಗೆದರು. ವುಡ್ ಅದೇ ವರ್ಷ ಸೇನೆಯ ಮುಖ್ಯಸ್ಥರಾದರು, ಮುಂದೆ ಫಿಲಿಪ್ಪೀನ್ಸ್‌ನ ಗವರ್ನರ್ ಜನರಲ್ ಕೂಡ. ಆದರೆ ಗಡ್ಡೆ ಮರಳಿತು. 1927ರ ಆಗಸ್ಟ್‌ನಲ್ಲಿ ಕುಶಿಂಗ್ ಮತ್ತೆ ಆಪರೇಷನ್ ಮಾಡಿದರು, ವುಡ್ ಉಳಿಯಲಿಲ್ಲ.

ಈ ಗಡ್ಡೆಗೆ ಮೆನಿಂಜಿಯೋಮಾ ಎಂದು 1922ರಲ್ಲಿ ಹೆಸರಿಟ್ಟವರೂ ಕುಶಿಂಗ್ ಅವರೇ. ಇದು ಹುಟ್ಟುವುದು ಮಿದುಳಿನಲ್ಲಲ್ಲ, ಅದನ್ನು ಸುತ್ತಿದ ಪೊರೆಯಲ್ಲಿ. ಬಹುಪಾಲು ಕ್ಯಾನ್ಸರ್ ಅಲ್ಲ, ಬೆಳೆಯುವುದೂ ನಿಧಾನ. ಹೆಂಗಸರಲ್ಲಿ ಹೆಚ್ಚು.

ಪೊರೆಗೆ ಅಂಟಿಕೊಂಡ ಬುರುಡೆಮೂಳೆ ಕೆಲವರಲ್ಲಿ ದಪ್ಪಗಾಗುತ್ತದೆ. ಸಿಟಿ ಸ್ಕ್ಯಾನ್‌ನಲ್ಲಿ ಆ ಜಾಗ ಬೆಳ್ಳಗೆ, ಒರಟಾಗಿ ಉಬ್ಬಿ ಕಾಣುತ್ತದೆ. ಗಡ್ಡೆಯ ಕಿರಿಕಿರಿಗೆ ಮೂಳೆ ಹಾಗೆ ಊದಿಕೊಳ್ಳುತ್ತದೆ ಅಷ್ಟೇ ಎಂದು ಹೇಳುವವರಿದ್ದರು. ಆದರೆ ಅಂಥ ಮೂಳೆಯ ತೆಳುಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ರಕ್ತನಾಳಗಳು ಸಾಗುವ ಸಣ್ಣ ಕಾಲುವೆಗಳಲ್ಲಿ ಗಡ್ಡೆಯ ಜೀವಕೋಶಗಳೇ ಗುಂಪುಗುಂಪಾಗಿ ಸಿಗುತ್ತವೆ. ಗೋಡೆಯ ಬಿರುಕಿನಲ್ಲಿ ಬೇರೂರಿದ ಅರಳಿಗಿಡದ ಹಾಗೆ: ಮೇಲಿನದನ್ನು ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

1957ರಲ್ಲಿ ಸರ್ಜನ್ ಡೊನಾಲ್ಡ್ ಸಿಂಪ್ಸನ್ ಲೆಕ್ಕ ಹಾಕಿದ್ದು ಇದನ್ನೇ. ಗಡ್ಡೆಯ ಜೊತೆಗೆ ಅದು ಅಂಟಿದ್ದ ಪೊರೆ, ಕೆಟ್ಟ ಮೂಳೆ ಎಲ್ಲವನ್ನೂ ತೆಗೆಸಿಕೊಂಡವರಲ್ಲಿ ನೂರಕ್ಕೆ 9 ಜನರಿಗೆ ಗಡ್ಡೆ ಮರುಕಳಿಸಿತ್ತು. ಗಡ್ಡೆಯನ್ನು ಪೂರ್ತಿ ತೆಗೆದು ಪೊರೆಯನ್ನು ಬರೀ ಸುಟ್ಟು ಬಿಟ್ಟ ರೋಗಿಗಳಲ್ಲಿ 19.

ಹಾಗೆಂದು ಮೂಳೆಗೆ ಹೊಕ್ಕಿತೆಂದರೆ ಮಾರಕವೆಂದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಗಡ್ಡೆ ಮಿದುಳಿನೊಳಗೆ ನುಗ್ಗಿದರೆ ಗ್ರೇಡ್ ಏರುತ್ತದೆ; ಮೂಳೆಗೆ ನುಗ್ಗಿದ ಮಾತ್ರಕ್ಕೆ ಏರುವುದಿಲ್ಲ. ರೋಗಿಯ ಪಾಲಿಗೆ ದೊಡ್ಡ ಪ್ರಶ್ನೆ, ಯಾವ ಮೂಳೆ ಎನ್ನುವುದು. ತಲೆಯ ಮೇಲ್ಭಾಗದ್ದಾದರೆ ಅಷ್ಟಗಲ ಕತ್ತರಿಸಿ ತೆಗೆದು ಟೈಟಾನಿಯಂ ಜಾಲರಿ ಕೂರಿಸಬಹುದು. ಕಣ್ಣಿನ ಹಿಂದಿನ ಸ್ಫೀನಾಯ್ಡ್ ಮೂಳೆಯಾದರೆ ಕಷ್ಟ. ಅದು ದಪ್ಪಗಾದಂತೆ ಕಣ್ಣುಗುಡ್ಡೆ ಮುಂದಕ್ಕೆ ತಳ್ಳಿಕೊಂಡು ಬರುತ್ತದೆ, ದೃಷ್ಟಿನರ ಸಾಗುವ ಕಿಂಡಿ ಕಿರಿದಾಗಿ ನೋಟ ಮಂಜಾಗುತ್ತದೆ. ನೋವಿಲ್ಲದ್ದರಿಂದ ಮನೆಯವರು ಗಮನಿಸುವ ಹೊತ್ತಿಗೆ ವರ್ಷಗಳೇ ಕಳೆದಿರಬಹುದು.

ಅಲ್ಲಿ ಸರ್ಜನ್ ಡ್ರಿಲ್ ಹಿಡಿದು, ನೀರು ಬಿಟ್ಟುಕೊಂಡು, ಮೂಳೆಯನ್ನು ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗೆ ಸವೆಸಿ ನರವನ್ನು ಬಿಡಿಸುತ್ತಾರೆ. ಇನ್ನೂ ಒಳಗೆ, ಕಣ್ಣು ತಿರುಗಿಸುವ ನರಗಳೂ ಮಿದುಳಿನ ಮುಖ್ಯ ರಕ್ತನಾಳವೂ ಒತ್ತಟ್ಟಿಗಿರುವ ಕಡೆ ಹೊಕ್ಕಿದ್ದನ್ನು ಬೇಕೆಂದೇ ಬಿಡುತ್ತಾರೆ. ನನ್ನ ಮಟ್ಟಿಗೆ ಅದು ಸೋಲಲ್ಲ, ಸರಿಯಾದ ಲೆಕ್ಕಾಚಾರ. ಉಳಿದ ಚೂರನ್ನು ಎಂಆರ್‌ಐನಲ್ಲಿ ವರ್ಷಗಟ್ಟಲೆ ನೋಡುತ್ತಿರಬೇಕು. ಬೆಳೆದರೆ ರೇಡಿಯೇಷನ್ ಇದೆ.